ಅಜ್ಜನ ಕಾಲದ ಜೋಡುನಳಿಗೆ ಬಂದೂಕು: ಬಿಡಿಭಾಗ ಎಲ್ಲಿ, ದುರಸ್ತಿ ಯಾರಿಂದ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ಸಂಸ್ಥಾನದ ಕಾಲದಲ್ಲಿ ಅಜ್ಜ ಪಡೆದಿದ್ದ ಬಂದೂಕು ತಂದೆಯವರ ನಂತರ ನನ್ನ ಪರವಾನಗಿಗೆ ಬಂದಿದೆ. ಅಕ್ಕಪಕ್ಕ ಎರಡು ನಳಿಗೆ, ಹೊರಗೆ ಎರಡು ಕುದುರೆ (ಪಿನ್ನಿಗೆ ಬಡಿಯುವ ಸುತ್ತಿಗೆಯಂಥ ಭಾಗ). ಎಡ ನಳಿಗೆಯ ಒಳಭಾಗ ನುಣುಪು, ಬಲ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಬಲಗಡೆಯ ಫೈರಿಂಗ್ ಪಿನ್ನಿನ (ತೋಟಾಕ್ಕೆ ಬಡಿದು ಸಿಡಿಸುವ ಕಡ್ಡಿಯ) ತುದಿ ಮುರಿದಿದೆ. ಬಂದೂಕು ತೆರೆಯುವ ಮೇಲಿನ ಲಿವರ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಹಿಂದಿನ ಗುರಿಪಟ್ಟಿ ಕಾಣೆಯಾಗಿದೆ. ಮುಂದಿನ ಟ್ರಿಗರ್ ಮುಂದಕ್ಕೂ ಸರಿಯುತ್ತದೆ. ಮರದ ಹಿಡಿಯಲ್ಲಿ ಬಿರುಕಿದೆ. ನಳಿಗೆಗಳ ಕೆಳಗೆ ಕಿರೀಟದ ಗುರುತುಗಳು, ವೃತ್ತದೊಳಗೆ 16, ‘9,3×72’ ಮತ್ತು ಕೃಪ್ ಎಂಬ ಹೆಸರು ಕಾಣುತ್ತವೆ. ಕೃಪ್ ಕಂಪನಿಯಿಂದಲೇ ಭಾಗಗಳನ್ನು ತರಿಸಬಹುದೇ? ಬೆಳಗಾವಿಯ ಲೇತ್ ಅಂಗಡಿಯವರೊಬ್ಬರು ಪಿನ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ವಾರವೇ ನೀವು ಬೆಳಗಾವಿಯ ಬಸ್ಸು ಹತ್ತಿಬಿಡಬಹುದು. ಬೇಡ, ಲೇತ್ ಅಂಗಡಿಯಲ್ಲಿ ಪಿನ್ ಮಾಡಿಸಬೇಡಿ. ಉದ್ಯಮಬಾಗ ಮತ್ತು ಮಚ್ಛೆಯ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ತುಂಬು ಗೌರವವಿದೆ. ಎರಕ ಮತ್ತು ಯಂತ್ರಭಾಗಗಳ ಕೆಲಸದಲ್ಲಿ ಬೆಳಗಾವಿಗೆ ದೊಡ್ಡ ಹೆಸರಿದೆ, ನಿಮ್ಮ ಪಿನ್ನನ್ನು ಅಳತೆಗೆ ಸರಿಯಾಗಿ ಕಡೆದು ಕೊಡಬಲ್ಲವರು ಅಲ್ಲಿ ಖಂಡಿತ ಇದ್ದಾರೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಶಸ್ತ್ರ’ ಎಂದರೆ ಅದರ ಬಿಡಿಭಾಗವೂ ಸೇರುತ್ತದೆ. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನು ತಯಾರಿಸಲು, ಮಾರಲು, ಮಾರ್ಪಡಿಸಲು, ದುರಸ್ತಿ ಮಾಡಲು, ಪರೀಕ್ಷಿಸಲು ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಕೈಯಲ್ಲಿರುವುದು ಇಟ್ಟುಕೊಳ್ಳುವ ಪರವಾನಗಿ. ಅದು ಲೇತ್ ಅಂಗಡಿಯವರನ್ನು ಕಾಯುವುದಿಲ್ಲ. 2019ರ ತಿದ್ದುಪಡಿಯ ನಂತರ ಈ ಕಲಮನ್ನು ಮೀರಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಜೈಲು. ಸಹಾಯ ಮಾಡಲು ಮುಂದಾದ ಒಬ್ಬ ಸಜ್ಜನನನ್ನು ನೂರಿನ್ನೂರು ರೂಪಾಯಿಯ ಕೆಲಸಕ್ಕಾಗಿ ಅಂಥ ಅಪಾಯಕ್ಕೆ ದೂಡಬೇಡಿ.

ಸಣ್ಣ ಬಿಡಿಭಾಗಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ಎಂದು ಕೆಲವರು ನಿಮಗೆ ಹೇಳಬಹುದು. 45ನೇ ಕಲಮಿನಲ್ಲಿ ಅಂಥ ಮಾತು ಇರುವುದು ನಿಜ. ಆದರೆ ಆ ವಿನಾಯಿತಿ ಉಳಿದ ಭಾಗಗಳ ಜೊತೆಗೆ ಕೂಡಿಸಿ ಬಳಸುವ ಉದ್ದೇಶ ಇಲ್ಲದಾಗ ಮಾತ್ರ. ಬಂದೂಕು ನಡೆಯಲೆಂದೇ ನೀವು ಪಿನ್ ಕೇಳುತ್ತಿದ್ದೀರಿ. ಅದೇ ಕಲಮಿನಲ್ಲಿ ದುರಸ್ತಿ ಮಾಡಿದರೂ ಸಿಡಿಯದಷ್ಟು ಹಾಳಾದ ಹಳೆಯ ಆಯುಧಕ್ಕೂ ವಿನಾಯಿತಿ ಇದೆ. ಒಂದು ಪಿನ್ ಹಾಕಿದರೆ ಕೆಲಸ ಮಾಡುವ ನಿಮ್ಮ ಬಂದೂಕಿಗೆ ಅದೂ ಅನ್ವಯಿಸದು.

ಇನ್ನು ಜರ್ಮನಿಯ ಕೃಪ್ ಕಂಪನಿಯಿಂದ ತರಿಸುವ ವಿಚಾರ. 10ನೇ ಕಲಮಿನಂತೆ ಶಸ್ತ್ರದ ಆಮದಿಗೂ ಪರವಾನಗಿ ಬೇಕು, ಭಾಗಗಳಿಗೂ ಅದೇ ನಿಯಮ. ಜಾಲತಾಣದಲ್ಲಿ ಹಣ ಕಟ್ಟಿ ಅಂಚೆಯಲ್ಲಿ ತರಿಸಿಕೊಳ್ಳುವ ವಸ್ತು ಇದಲ್ಲ. ಪೊಟ್ಟಣ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ, ಆಮೇಲೆ ವಿವರಣೆ ಕೊಡಬೇಕಾದವರು ನೀವು. ಕಾನೂನಿನ ತೊಡಕು ಇಲ್ಲವೆಂದುಕೊಂಡರೂ ಆ ದಾರಿ ನಿಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ. ಅದಕ್ಕೆ ಕಾರಣ ಬಂದೂಕಿನಲ್ಲೇ ಇದೆ.

ಕೃಪ್ ನಿಮ್ಮ ಬಂದೂಕನ್ನು ಮಾಡಿದ ಕಂಪನಿ ಅಲ್ಲ. ಎಸ್ಸೆನ್ ನಗರದ ಕೃಪ್ ಉಕ್ಕಿನ ಕಾರ್ಖಾನೆ. ನಳಿಗೆಯ ಉಕ್ಕು ಅದರದು ಎಂದಷ್ಟೇ ಆ ಹೆಸರಿನ ಅರ್ಥ. ಅಂದಿನ ನೂರಾರು ಜರ್ಮನ್ ಬಂದೂಕುಗಳ ಮೇಲೆ ಆ ಹೆಸರಿದೆ, ಮಾಲೀಕರಲ್ಲಿ ಹೆಚ್ಚಿನವರು ಅದನ್ನೇ ತಯಾರಕರ ಹೆಸರೆಂದು ತಿಳಿಯುತ್ತಾರೆ. ಒಂದು ನಳಿಗೆ ಚರೆಗೆ (ಒಟ್ಟಿಗೆ ಹಾರುವ ಸಣ್ಣ ಸೀಸದ ಉಂಡೆಗಳಿಗೆ), ಇನ್ನೊಂದು ಒಂಟಿ ಗುಂಡಿಗೆ ಇರುವ ಈ ಬಗೆಯ ಬಂದೂಕುಗಳಿಗೆ ಎರಡು ಊರು ಪ್ರಸಿದ್ಧ: ಜರ್ಮನಿಯ ತುರಿಂಗಿಯಾದ ಸೂಲ್ ಮತ್ತು ಆಸ್ಟ್ರಿಯಾದ ಫೆರ್ಲಾಖ್. ಕಿರೀಟದ ಗುರುತುಗಳು ಇರುವುದರಿಂದ ನಿಮ್ಮದು ಜರ್ಮನಿಯದು ಎಂದೇ ನನ್ನ ಅಂದಾಜು. ಸೂಲ್‌ನಲ್ಲಿ ನಳಿಗೆ ಕೊರೆಯುವವರೊಬ್ಬರು, ಲಾಕ್ (ಬಂದೂಕನ್ನು ಸಿಡಿಸುವ ಯಂತ್ರಭಾಗ) ಕೂರಿಸುವವರು ಇನ್ನೊಬ್ಬರು, ಮರದ ಕೆಲಸ ಮತ್ತೊಬ್ಬರದು. ಒಂದೊಂದು ಭಾಗವನ್ನೂ ಅರ ಹಾಕಿ ಆ ಒಂದು ಬಂದೂಕಿಗೇ ಹೊಂದಿಸುತ್ತಿದ್ದರು. ಹಳೆಯ ವಾಡೆಯ ಒಂದು ಬಾಗಿಲಿನ ಅಗುಳಿ ಪಕ್ಕದ ಬಾಗಿಲಿಗೆ ಕೂರದ ಹಾಗೆ, ಒಂದೇ ಹೆಸರಿನ ಎರಡು ಬಂದೂಕುಗಳ ಪಿನ್‌ಗಳೂ ಅದಲುಬದಲಾಗುವುದಿಲ್ಲ. ಸ್ಕ್ರೂಗಳ ಥ್ರೆಡ್ಡಿಗೂ ಇಂದಿನ ಅಳತೆ ಹೊಂದುವುದು ಅಪರೂಪ. ಅಮೆರಿಕದ ಸ್ಯಾವೇಜ್ 24ರಂತೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಬಂದೂಕಾಗಿದ್ದರೆ ಮಾತು ಬೇರೆ. ನಿಮ್ಮ ಬಂದೂಕಿಗೆ ‘ಬಿಡಿಭಾಗ’ ಎಂಬ ವಸ್ತು ಯಾವ ಅಂಗಡಿಯ ಕಪಾಟಿನಲ್ಲೂ ಇಲ್ಲ. ಬೇಕಾದ ಭಾಗವನ್ನು ಅದಕ್ಕಾಗಿಯೇ ಮಾಡಿಸಬೇಕು.

ಅದಕ್ಕೇ ನಾನು ಒತ್ತಿ ಹೇಳುವ ಮಾತು ಒಂದೇ: ಮುರಿದ ತುಂಡನ್ನು ಎಸೆಯಬೇಡಿ. ಪಿನ್ನಿನ ಮುರಿದ ತುದಿ ಅಕ್ಕಿಕಾಳಿಗಿಂತ ಚಿಕ್ಕದಿರಬಹುದು, ಆದರೂ ಹುಡುಕಿ. ಬಂದೂಕು ಇಡುತ್ತಿದ್ದ ಪೆಟ್ಟಿಗೆ, ಒರೆಸುವ ಬಟ್ಟೆ, ಕಪಾಟಿನ ಮೂಲೆ ಎಲ್ಲ ನೋಡಿ. ಹೊಸ ಪಿನ್ನಿನ ಉದ್ದ, ತುದಿಯ ದಪ್ಪ ಮತ್ತು ದುಂಡನೆಯ ಆಕಾರವನ್ನು ದುರಸ್ತಿಗಾರರಿಗೆ ಹೇಳಿಕೊಡುವುದು ಆ ಎರಡು ತುಂಡುಗಳೇ. ಎಡಗಡೆಯ ಪಿನ್ ಚೆನ್ನಾಗಿದೆ, ಅದನ್ನೇ ನೋಡಿ ಬಲಗಡೆಯದನ್ನು ಮಾಡಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗುಂಡಿನ ನಳಿಗೆಯಲ್ಲಿ ಒತ್ತಡ ಹೆಚ್ಚು, ಆದ್ದರಿಂದ ಆ ಕಡೆಯ ಪಿನ್ ತುದಿ ಸಾಮಾನ್ಯವಾಗಿ ತೆಳುವಾಗಿರುತ್ತದೆ. ತುದಿ ಉದ್ದವಾದರೆ ತೋಟಾದ ಬುಡದಲ್ಲಿ ಕಿಡಿ ಕೊಡುವ ಕ್ಯಾಪನ್ನು ತೂತು ಮಾಡುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಕಣ್ಣಿಗೆ ಬಡಿಯಬಹುದು. ಗಿಡ್ಡವಾದರೆ ಕ್ಯಾಪು ಸಿಡಿಯುವುದೇ ಇಲ್ಲ, ಅಥವಾ ತಡವಾಗಿ ಸಿಡಿಯುತ್ತದೆ. ತಡವಾಗಿ ಸಿಡಿಯುವುದು ಇನ್ನೂ ಕೆಟ್ಟದ್ದು.

ಪಿನ್ ಏಕೆ ಮುರಿಯಿತು ಎಂಬುದನ್ನೂ ಯೋಚಿಸಿ. ಮನೆಗೆ ಬಂದವರಿಗೆ ತೋರಿಸುವಾಗ ಖಾಲಿ ಬಂದೂಕಿನ ಕುದುರೆಯನ್ನು ಎಳೆದು ಖಟ್ ಎಂದು ಬಿಡುವ ರೂಢಿ ನಮ್ಮ ಕಡೆ ಬಹಳ. ಎದುರಿಗೆ ತೋಟಾ ಇಲ್ಲದೆ ಹೊಡೆದ ಪಿನ್ ಪೆಟ್ಟನ್ನೆಲ್ಲ ತಾನೇ ತಿನ್ನುತ್ತದೆ, ಹಳೆಯ ಉಕ್ಕು ಒಂದು ದಿನ ಸೋಲುತ್ತದೆ. ಹೊಸ ಪಿನ್ ಬಂದ ಮೇಲೆ ಈ ಅಭ್ಯಾಸ ಪೂರ್ತಿ ನಿಲ್ಲಬೇಕು.

ಉಳಿದ ದೂರುಗಳಲ್ಲಿ ಮೂರಕ್ಕೆ ಬಿಡಿಭಾಗವೇ ಬೇಕಾಗಲಿಕ್ಕಿಲ್ಲ ಎಂಬ ಭರವಸೆ ನನಗಿದೆ. ಲಿವರ್ ಹಿಂದಕ್ಕೆ ಬರುವುದಿಲ್ಲ ಎಂದಿದ್ದೀರಿ. ಸ್ಪ್ರಿಂಗ್ ಮುರಿದಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಹಳೆಯ ಬಂದೂಕು ಕಂಡಾಗಲೆಲ್ಲ ನಾನು ಮೊದಲು ಕೇಳುವುದು, ಮನೆಯಲ್ಲಿ ಇದಕ್ಕೆ ಯಾವ ಎಣ್ಣೆ ಹಚ್ಚುತ್ತಿದ್ದಿರಿ ಎಂದು. ಬಹುಪಾಲು ಉತ್ತರ: ಕುಸುಬೆ ಎಣ್ಣೆ. ಅಡುಗೆಮನೆಯಲ್ಲಿ ಅದಕ್ಕೆ ಸಮನಾದದ್ದಿಲ್ಲ. ಆದರೆ ಕುಸುಬೆ ಎಣ್ಣೆ ಅಗಸೆ ಎಣ್ಣೆಯಂತೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಬಣ್ಣ ತಯಾರಿಸುವವರು ಅದನ್ನು ಬಳಸುವುದೂ ಇದೇ ಗುಣಕ್ಕಾಗಿ. ವರ್ಷಾನುಗಟ್ಟಲೆ ಹಚ್ಚಿದ ಎಣ್ಣೆ ಲಿವರಿನ ಬುಡದಲ್ಲಿ, ಸ್ಪ್ರಿಂಗಿನ ಮಡಿಕೆಯಲ್ಲಿ ಕಂದು ಬಣ್ಣದ ವಾರ್ನಿಶ್ ಆಗಿ ಕುಳಿತಿರುತ್ತದೆ. ದುರಸ್ತಿಗಾರರು ಲಾಕ್ ಬಿಚ್ಚಿ ಅದನ್ನು ತೊಳೆದು, ಬಂದೂಕಿಗೆಂದೇ ಇರುವ ತೆಳು ಖನಿಜ ಎಣ್ಣೆಯ ಒಂದೆರಡು ಹನಿ ಬಿಟ್ಟರೆ ಲಿವರ್ ಮತ್ತೆ ತಾನಾಗಿ ಮರಳುವ ಸಾಧ್ಯತೆ ಬಹಳ ಇದೆ. ನೀವೇ ಬಿಚ್ಚಲು ಹೋಗಬೇಡಿ. ಅಗಲ ಹೊಂದದ ಸ್ಕ್ರೂಡ್ರೈವರಿನಿಂದ ತಲೆಯ ಸೀಳು ಕೆದರಿಹೋದ ಸ್ಕ್ರೂ, ಅದರ ಸುತ್ತ ಗೀರು ಬಿದ್ದ ಕೆತ್ತನೆ ಇವನ್ನು ಎಷ್ಟೋ ಒಳ್ಳೆಯ ಬಂದೂಕುಗಳ ಮೇಲೆ ನೋಡಿ ಮನಸ್ಸು ನೊಂದಿದೆ.

ಮುಂದಿನ ಟ್ರಿಗರ್ ಮುಂದಕ್ಕೆ ಸರಿದಾಗ ಸಣ್ಣಗೆ ಕ್ಲಿಕ್ ಎನ್ನುತ್ತದೆಯೇ? ಹಾಗಾದರೆ ಅದು ಸಡಿಲವಾಗಿಲ್ಲ. ಜರ್ಮನ್ ಬಂದೂಕುಗಳಲ್ಲಿ ಗುಂಡಿನ ನಳಿಗೆಗೆ ಸೇರಿದ ಮುಂದಿನ ಟ್ರಿಗರನ್ನು ಮುಂದಕ್ಕೆ ಒತ್ತಿ ‘ಸೆಟ್’ ಮಾಡುವ ವ್ಯವಸ್ಥೆ ಸಾಮಾನ್ಯ. ಗುರಿ ಅಲುಗಾಡದಂತೆ ಅತಿ ಹಗುರ ಸ್ಪರ್ಶಕ್ಕೆ ಕುದುರೆ ಬೀಳಲಿ ಎಂದು ಹೀಗೆ ಮಾಡುತ್ತಿದ್ದರು. ಇದು ಗೊತ್ತಿಲ್ಲದವರು ಸರಿಪಡಿಸಲು ಹೋಗಿ ಹಾಳು ಮಾಡುತ್ತಾರೆ. ಸೆಟ್ ಆದ ಟ್ರಿಗರ್ ಉಸಿರು ತಾಗಿದರೂ ಬೀಳುವಷ್ಟು ಸೂಕ್ಷ್ಮ; ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನೆನಪಿಡಿ.

ಹಿಂದಿನ ಗುರಿಪಟ್ಟಿಯೂ ಕಳೆದಿರಲಿಕ್ಕಿಲ್ಲ. ಎರಡು ನಳಿಗೆಗಳ ನಡುವಿನ ಪಟ್ಟಿಯಲ್ಲಿ ಹಿಂಭಾಗಕ್ಕೆ ಆಯತಾಕಾರದ ಸಣ್ಣ ಗೆರೆ ಕಾಣುತ್ತದೆಯೇ ಎಂದು ಬಿಸಿಲಿನಲ್ಲಿ ನೋಡಿ. ಚರೆ ಹೊಡೆಯುವಾಗ ಅಡ್ಡ ಬರದಂತೆ ಮಡಚಿ ಮಲಗಿಸುವ ಗುರಿಪಟ್ಟಿ ಈ ಬಂದೂಕುಗಳಲ್ಲಿ ಇರುತ್ತದೆ. ಅದೂ ಆ ಎಣ್ಣೆಯಿಂದಲೇ ಅಂಟಿಕೊಂಡಿರಬಹುದು. ಚಾಕು ಹಾಕಿ ಎಬ್ಬಿಸಬೇಡಿ.

ಈಗ ಗುರುತುಗಳ ವಿಚಾರ, ಇದು ನನಗೆ ಪ್ರಿಯವಾದದ್ದು. ಜರ್ಮನಿಯ 1891ರ ಕಾಯ್ದೆಯಂತೆ ಪ್ರತಿ ನಳಿಗೆಯನ್ನೂ ಸರ್ಕಾರಿ ಪರೀಕ್ಷಾಲಯದಲ್ಲಿ ಹೆಚ್ಚಿನ ಮದ್ದು ಹಾಕಿ ಸಿಡಿಸಿ ನೋಡಿ, ಕಿರೀಟದ ಕೆಳಗೆ ಅಕ್ಷರ ಒತ್ತುತ್ತಿದ್ದರು. ಯು ಎಂದರೆ ತಪಾಸಣೆ ಆಗಿದೆ, ಜಿ ಎಂದರೆ ಸುರುಳಿ ಗೀರಿನ ನಳಿಗೆ, ಎಸ್ ಎಂದರೆ ಚರೆಯ ನಳಿಗೆ, ಡಬ್ಲ್ಯೂ ಎಂದರೆ ತುದಿಯಲ್ಲಿ ಕಿರಿದಾಗಿಸಿದ ಚೋಕ್ ನಳಿಗೆ. 1939ರ ಕಾಯ್ದೆಯ ನಂತರ ಕಿರೀಟ ಹೋಗಿ ಹದ್ದು ಬಂತು. ಆದ್ದರಿಂದ ಕಿರೀಟವಷ್ಟೇ ಇರುವ ನಿಮ್ಮ ಬಂದೂಕು ಅದಕ್ಕೂ ಹಿಂದಿನದು. ‘5 28’ ಎಂಬಂತೆ ಎರಡು ಸಣ್ಣ ಅಂಕೆಗಳು ಪಕ್ಕದಲ್ಲಿ ಇದ್ದರೆ ಅದು ಪರೀಕ್ಷೆಯಾದ ತಿಂಗಳು ಮತ್ತು ವರ್ಷ ಇರಬಹುದು, ಅಂದರೆ 1928ರ ಮೇ. ಕಿರೀಟದ ಕೆಳಗೆ ಎನ್ ಅಕ್ಷರ ಅಥವಾ ನೈಟ್ರೋ ಎಂಬ ಪದ ಇದೆಯೇ ಎಂದು ವಿಶೇಷವಾಗಿ ಹುಡುಕಿ. ಇಂದಿನ ಹೊಗೆರಹಿತ ಮದ್ದಿಗೆ ನಳಿಗೆಯನ್ನು ಪರೀಕ್ಷಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಅದಿಲ್ಲದಿದ್ದರೆ ಕರಿಮದ್ದಿನ ಕಾಲದ ನಳಿಗೆ ಎಂದೇ ಭಾವಿಸಿ, ಇಂದಿನ ತೋಟಾ ಹಾಕಬೇಡಿ. ಗುರುತುಗಳ ಮೇಲೆ ಉಪ್ಪುಕಾಗದ ತಿಕ್ಕಬೇಡಿ. ಬಂದೂಕಿನ ಸಂಖ್ಯೆ, ಗುರುತುಗಳನ್ನು ಅಳಿಸುವುದು 8ನೇ ಕಲಮಿನಂತೆ ಅಪರಾಧ, ಮೇಲಾಗಿ ಆ ಬಂದೂಕಿನ ಜಾತಕವೇ ಅಲ್ಲಿದೆ.

ವೃತ್ತದೊಳಗಿನ 16 ಎಂದರೆ ಎಡ ನಳಿಗೆ 16 ಬೋರಿನದು (ಬೋರು ಎಂದರೆ ನಳಿಗೆಯ ಒಳಗಾತ್ರದ ಅಳತೆ). ಅಂದಿನ ಜರ್ಮನ್ 16 ಬೋರಿನ ನಳಿಗೆಗಳಲ್ಲಿ ತೋಟಾ ಕೂರುವ ಜಾಗದ ಉದ್ದ ಹೆಚ್ಚಾಗಿ 65 ಮಿಲಿಮೀಟರ್. ಇಂದಿನ 70 ಮಿಲಿಮೀಟರಿನ ತೋಟಾ ಅದರಲ್ಲಿ ಕೂರುತ್ತದೆ, ಬಂದೂಕು ಮುಚ್ಚುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಏಕೆಂದರೆ 70 ಎನ್ನುವುದು ಸಿಡಿದ ನಂತರ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಸಿಡಿದಾಗ ಆ ಬಾಯಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ದುರಸ್ತಿಗಾರರಿಂದ ಮೊದಲು ಮಾಡಿಸಬೇಕಾದ ಅಳತೆ ಇದು.

ಬಲ ನಳಿಗೆಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. 9.3×72 ಹಳೆಯ ಜರ್ಮನ್ ಬೇಟೆಗಾರರ ಮೆಚ್ಚಿನ ತೋಟಾ, ಕರಿಮದ್ದಿನ ಕಾಲದಲ್ಲಿ ಹುಟ್ಟಿದ್ದು. ಅದು ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಪರವಾನಗಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 12 ಬೋರಿನ ತೋಟಾ, 16 ಬೋರಿಗೇ ಹುಡುಕಬೇಕು. ಎಂದ ಮೇಲೆ ಎಷ್ಟು ಖರ್ಚು ಮಾಡಿ ಪಿನ್ ಹಾಕಿಸಿದರೂ ಆ ನಳಿಗೆಗೆ ಹಾಕಲು ತೋಟಾ ಇರುವುದಿಲ್ಲ. .315 ರೈಫಲಿನ ತೋಟಾ ಹಿಡಿಯುವಂತೆ ಕೊರೆದುಕೊಡುತ್ತೇನೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. .315ರ ಗುಂಡು ಸುಮಾರು 8 ಮಿಲಿಮೀಟರಿನದು, ನಿಮ್ಮ ನಳಿಗೆ 9.3, ಗುಂಡು ಗೀರುಗಳನ್ನು ಹಿಡಿಯುವುದೇ ಇಲ್ಲ. ಅಪಾಯ ಒಂದು ಕಡೆ, ಅನುಮತಿಯಿಲ್ಲದೆ ಮಾರ್ಪಡಿಸಿದ ಅಪರಾಧ ಇನ್ನೊಂದು ಕಡೆ. ನನ್ನ ಸಲಹೆ: ಎಡ ನಳಿಗೆಯನ್ನು ಪೂರ್ತಿ ಸುಸ್ಥಿತಿಗೆ ತನ್ನಿ. ಬಲಗಡೆಯ ಪಿನ್ನನ್ನು ಬಂದೂಕಿನ ಪೂರ್ಣತೆಗಾಗಿ, ಅಜ್ಜನ ನೆನಪಿಗಾಗಿ ಮಾಡಿಸುವುದಾದರೆ ಮಾಡಿಸಿ. ಆ ನಳಿಗೆಯಿಂದ ಹೊಡೆಯುತ್ತೇನೆ ಎಂಬ ಲೆಕ್ಕದಲ್ಲಿ ಮಾಡಿಸಬೇಡಿ.

ಹಿಡಿಯ ಬಿರುಕಿಗೆ ಊರಿನ ಬಡಿಗೇರರಿಂದ ಮೊಳೆ ಹೊಡೆಸಬೇಡಿ, ಅಂಟನ್ನೂ ಸುರಿಸಬೇಡಿ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ, ಮೊದಲು ಆ ಎಣ್ಣೆಯನ್ನು ಹೊರಗೆ ಎಳೆಯಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಬಿರುಕು ಕುತ್ತಿಗೆಯ ಭಾಗದಲ್ಲಿದ್ದು ಲಾಕಿನವರೆಗೆ ಹೋಗಿದ್ದರೆ ಒಳಗಿನಿಂದ ಸರಳು ಕೂರಿಸಬೇಕಾಗುತ್ತದೆ. ಮರವನ್ನೇ ಬದಲಿಸುವ ಹಂತ ಬಂದರೆ ಸಾಗವಾನಿ ಬೇಡ, ಅಕ್ರೋಟ್ ಮರವೇ ಬೇಕು. ಕುತ್ತಿಗೆಯ ಉದ್ದಕ್ಕೂ ಎಳೆಗಳು ನೇರವಾಗಿ ಹರಿದಿರಬೇಕು.

ದುರಸ್ತಿಗಾರರನ್ನು ಆರಿಸುವುದು ಹೇಗೆ? ದುರಸ್ತಿಯ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಗಳ ಪಟ್ಟಿಯನ್ನು ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ಕೇಳಿ. ಅಂಗಡಿಗೆ ಹೋದಾಗ ಪರವಾನಗಿಯಲ್ಲಿ ದುರಸ್ತಿಯೂ ಸೇರಿದೆಯೇ ಎಂದು ಕಣ್ಣಾರೆ ನೋಡಿ; ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರ ಪಡುವುದಿಲ್ಲ. ಎರಡು ಪ್ರಶ್ನೆ ಕೇಳಿದರೆ ಅವರ ಕೆಲಸ ತಿಳಿಯುತ್ತದೆ. ನಳಿಗೆಗಳಿಗೆ ಮತ್ತೆ ಕಪ್ಪು ಬಣ್ಣ ಕೊಡುವುದು ಹೇಗೆ ಎಂಬುದು ಮೊದಲನೆಯದು. ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದುತ್ತೇವೆ ಎಂದರೆ ಬಂದೂಕನ್ನು ವಾಪಸು ತನ್ನಿ. ಜೋಡುನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಸೇರಿಸಿರುವುದು ತವರದ ಬೆಸುಗೆ, ಆ ಕ್ಷಾರ ಅದನ್ನು ತಿನ್ನುತ್ತದೆ. ನಿಧಾನವಾಗಿ ತುಕ್ಕು ಬರಿಸಿ, ಕುದಿಸಿ, ತಿಕ್ಕಿ ಕಪ್ಪಾಗಿಸುವ ಹಳೆಯ ವಿಧಾನವೇ ಇದಕ್ಕೆ ಸರಿ. ಮುಚ್ಚಿದ ಬಂದೂಕಿನಲ್ಲಿ ನಳಿಗೆ ಅಲುಗಾಡಿದರೆ ಏನು ಮಾಡುತ್ತೀರಿ ಎಂಬುದು ಎರಡನೆಯದು. ಸುತ್ತಿಗೆಯಿಂದ ಬಡಿದು ಬಿಗಿ ಮಾಡುತ್ತೇವೆ ಎನ್ನುವವರದು ಆರು ತಿಂಗಳ ಕೆಲಸ. ತಿರುಗಣೆಯ ಗೂಟವನ್ನು ಬದಲಿಸಿ, ಮಸಿ ಹಚ್ಚಿ ನೋಡಿ ಕೂರಿಸುತ್ತೇವೆ ಎನ್ನುವವರನ್ನು ನಂಬಿ. ಕೊಡಗಿನಲ್ಲಿ ಜೋಡುನಳಿಗೆ ಬಂದೂಕು ಮನೆಮಾತು, ಅಲ್ಲಿ ಇಂಥ ಕೆಲಸ ಬಲ್ಲವರನ್ನು ವಿಚಾರಿಸಬಹುದು. ಕೊಡವರಿಗಿರುವ ಪರವಾನಗಿ ವಿನಾಯಿತಿ ನಿಮಗೆ ಅನ್ವಯಿಸದು, ನಿಮ್ಮ ಕಾಗದ ನಿಮ್ಮ ಜೊತೆಗಿರಲಿ.

ಬಂದೂಕು ಮನೆಯಿಂದ ಹೊರಡುವ ಮೊದಲು ಪರವಾನಗಿ ಪುಸ್ತಕ ತೆಗೆದು ಓದಿ. ಹಳೆಯ ಪರವಾನಗಿಗಳಲ್ಲಿ ಜೋಡುನಳಿಗೆ ಕಂಡಕೂಡಲೇ ‘ಡಿಬಿಬಿಎಲ್ 12 ಬೋರ್’ (ಹಿಂದಿನಿಂದ ತೋಟಾ ತುಂಬುವ ಜೋಡುನಳಿಗೆ) ಎಂದು ಬರೆದುಬಿಟ್ಟದ್ದನ್ನು ಕಂಡಿದ್ದೇನೆ. ನಿಮ್ಮದರಲ್ಲಿ ಒಂದು ನಳಿಗೆ ರೈಫಲಿನದು. ಎರಡೂ ಬೋರು ಮತ್ತು ಬಂದೂಕಿನ ಸಂಖ್ಯೆ ಸರಿಯಾಗಿ ನಮೂದಾಗಿರದಿದ್ದರೆ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ತಿದ್ದಿಸಿ. ದಾರಿಯ ತಪಾಸಣೆಯಲ್ಲಿ ಈ ವ್ಯತ್ಯಾಸ ಕಂಡರೆ ನಿಮ್ಮ ಪ್ರಾಮಾಣಿಕತೆಯನ್ನು ಸಾಬೀತು ಮಾಡಲು ವರ್ಷಗಳು ಹಿಡಿಯುತ್ತವೆ. ಇದನ್ನು ಓದುತ್ತಿರುವ ಬೇರೆ ಯಾರ ಬಳಿಯಾದರೂ ಇಂಗ್ಲೆಂಡಿನ ಇಂಥದೇ ಬಂದೂಕಿದ್ದು ರೈಫಲ್ ನಳಿಗೆ .303 ಆಗಿದ್ದರೆ ಅದು ನಿಷೇಧಿತ ಬೋರಿನ ಪ್ರಶ್ನೆ. ಅಂಥ ಪರವಾನಗಿ ಜಿಲ್ಲಾಧಿಕಾರಿ ಕೊಡುವುದಲ್ಲ, ಕೇಂದ್ರ ಗೃಹ ಸಚಿವಾಲಯ ಕೊಡುವಂಥದ್ದು.

ಹಲಗಲಿ ನಿಮ್ಮ ತಾಲ್ಲೂಕಿನದೇ ಊರು. 1857ರಲ್ಲಿ ಹತಾರ ಒಪ್ಪಿಸಿರಿ ಎಂದ ಕಂಪನಿ ಸರ್ಕಾರದ ಎದುರು ನಿಂತ ಬೇಡರ ಕತೆ ಅಲ್ಲಿ ಇಂದಿಗೂ ಲಾವಣಿಯಾಗಿ ಉಳಿದಿದೆ. ಮನೆಯ ಆಯುಧದ ಮೇಲೆ ನಮ್ಮ ಜನಕ್ಕಿರುವ ಮಮತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ಮಮತೆ ಇರುವುದರಿಂದಲೇ ಕಾಗದದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. ಒಮ್ಮೆ ಜಪ್ತಿಯಾದ ಬಂದೂಕು ಠಾಣೆಯ ಉಗ್ರಾಣದಲ್ಲಿ ತುಕ್ಕು ಹಿಡಿಯುತ್ತದೆ.

ಇನ್ನೊಂದು ವಿಷಯ ನಿಮ್ಮ ತಾಲ್ಲೂಕಿಗೇ ಸೇರಿದ್ದು. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ವನ್ಯಧಾಮದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ನಿಮ್ಮ ಹಳ್ಳಿ ಆ ಅಂತರದೊಳಗಿದ್ದರೆ ನೋಂದಣಿ ಆಗಿದೆಯೇ ನೋಡಿ. ಖಾನಾಪುರದ ಭೀಮಗಡ, ಗೋಕಾಕ ಕಡೆಯ ಘಟಪ್ರಭಾ ಪಕ್ಷಿಧಾಮದ ಸುತ್ತಲಿನವರಿಗೂ ಇದೇ ಮಾತು. ಕಬ್ಬಿಗೆ ಕಾಡುಹಂದಿ ನುಗ್ಗುವ ಕಷ್ಟ ಗೊತ್ತಿದ್ದದ್ದೇ. ಆದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಂದಿಯ ಮೇಲೂ ಹೊಡೆಯುವಂತಿಲ್ಲ.

ಕಡೆಯದಾಗಿ ಪ್ರಯಾಣ. ಬೆಳಗಾವಿಯಿಂದ ಕೊಲ್ಹಾಪುರ ಹತ್ತಿರ, ಅಲ್ಲಿ ದುರಸ್ತಿ ಮಾಡಿಸೋಣ ಎಂದು ಹಲವರು ಹೊರಡುತ್ತಾರೆ. ನಿಮ್ಮ ಪರವಾನಗಿಯ ವ್ಯಾಪ್ತಿ ಕರ್ನಾಟಕಕ್ಕಷ್ಟೇ ಇದ್ದರೆ ಗಡಿ ದಾಟಿದ ಕ್ಷಣದಿಂದ ಅದು ನಿಮ್ಮನ್ನು ರಕ್ಷಿಸುವುದಿಲ್ಲ. ವ್ಯಾಪ್ತಿ ವಿಸ್ತರಿಸಿಕೊಂಡ ನಂತರವೇ ಹೋಗಿ. ಚುನಾವಣೆ ಘೋಷಣೆಯಾಗಿ ಆಯುಧ ಠೇವಣಿ ಇಡುವ ಆದೇಶ ಬಂದಿರುವಾಗ ಹೊರಡಬೇಡಿ. ನಳಿಗೆ, ಲಾಕು, ಮುಂಗೈ ಮರ (ನಳಿಗೆಯ ಕೆಳಗಿನ ಮರದ ಭಾಗ) ಮೂರನ್ನೂ ಬೇರೆ ಮಾಡಿ ಚೀಲದಲ್ಲಿಡಿ, ತೋಟಾ ಜೊತೆಗೆ ಬೇಡ. ಮೂಲ ಪರವಾನಗಿ ನಿಮ್ಮ ಕೈಯಲ್ಲಿರಲಿ, ಬಂದೂಕನ್ನು ನೀವೇ ಒಯ್ಯಿರಿ, ಅಳಿಯನ ಕೈಯಲ್ಲಿ ಕಳಿಸಬೇಡಿ. ಬಿಟ್ಟು ಬರುವಾಗ ಬಂದೂಕಿನ ಸಂಖ್ಯೆ ಬರೆದ ರಸೀತಿ ಪಡೆದು, ಅಂಗಡಿಯ ನೋಂದಣಿ ಪುಸ್ತಕದಲ್ಲಿ ಅದೇ ಸಂಖ್ಯೆ ಬರೆದದ್ದನ್ನು ನೋಡಿಕೊಳ್ಳಿ. ಮುರಿದ ಪಿನ್ನಿನ ಎರಡೂ ತುಂಡುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕೊಡಿ, ಕೆಲಸ ಮುಗಿದ ಮೇಲೆ ಅವನ್ನೂ ಕೇಳಿ ವಾಪಸು ಪಡೆಯಿರಿ.